ಟ್ರೇಲರ್ ಎಳೆಯುವ ಪಿಕಪ್‌ಗೆ ಟೈರು ಬೇಗ ಹೋಗ್ತಿದೆಯಾ? ಹೊಸದು ಕೊಳ್ಳುವ ಮೊದಲು ಹಳೇದನ್ನು ನೋಡಿ

"ಹಿಂದಿನ ಟೈರು ವರ್ಷಕ್ಕೇ ಹೋಯಿತು, ಈ ಸಲ ಇನ್ನೂ ಜಾಸ್ತಿ ಪ್ಲೈ ಇರೋದು ಹಾಕಿಸ್ತೀನಿ." ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಪಿಕಪ್ ಓಡಿಸುವವರ ಬಾಯಲ್ಲಿ ಈ ಮಾತು ಪದೇ ಪದೇ ಬರುತ್ತದೆ (ಪ್ಲೈ ಅಂದರೆ ಟೈರಿನ ಗಟ್ಟಿತನದ ದರ್ಜೆ, ಮುಂದೆ ಬಿಡಿಸಿ ಹೇಳುತ್ತೇನೆ). ಅದರಲ್ಲೂ ಹಿಂದೆ ಟ್ರೇಲರ್ ಕಟ್ಟಿ ಎಳೆಯುವವರು. ಫೆಬ್ರವರಿ-ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಗೆ ಹೂವು ಅರಳಲು ನೀರು ಹೊಡೆಯುವಾಗ ಡೀಸೆಲ್ ಪಂಪ್‌ಸೆಟ್ ತೋಟದಿಂದ ತೋಟಕ್ಕೆ ಹೋಗಬೇಕು. ಜಾತ್ರೆ, ಮದುವೆ ಸೀಸನ್‌ನಲ್ಲಿ ಜನರೇಟರ್ ಹೋಗಬೇಕು. ಪಿಕಪ್‌ನ ಹಿಂದೆ ಎರಡು ಚಕ್ರದ ಟ್ರೇಲರ್, ಪಿಕಪ್ ಒಳಗೆ ಪೈಪು, ಡೀಸೆಲ್ ಕ್ಯಾನು, ಮೇಲೆ ಮೂರು-ನಾಲ್ಕು ಜನ. ಇಷ್ಟು ಹೊತ್ತ ಗಾಡಿಯ ಹಿಂದಿನ ಟೈರು ಬೇಗ ಸವೆದರೆ ಆಶ್ಚರ್ಯ ಇಲ್ಲ. ಆದರೆ ಯಾಕೆ ಸವೆಯಿತು ಅಂತ ಗೊತ್ತಿಲ್ಲದೆ ದುಬಾರಿ ಟೈರು ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಹಾಗಾಗಿ ಮೊದಲು ತಪ್ಪು ಎಲ್ಲಿದೆ ಅಂತ ಹುಡುಕೋಣ, ಆಮೇಲೆ ಟೈರು ಆರಿಸೋಣ.

ಬಿಚ್ಚುವ ಮೊದಲು

ಹಳೇ ಟೈರು ಬಿಚ್ಚಿ ಅಂಗಡಿಯವರಿಗೆ ಕೊಟ್ಟುಬಿಟ್ಟರೆ ಅರ್ಧ ಸುಳಿವು ಅಲ್ಲೇ ಹೋಯಿತು. ಬಿಚ್ಚುವ ಮುಂಚೆ ಸೀಮೆಸುಣ್ಣದಲ್ಲಿ ಪ್ರತಿ ಟೈರಿನ ಮೇಲೂ ಗುರುತು ಹಾಕಿ: ಎಡ ಮುಂದೆ, ಬಲ ಮುಂದೆ, ಎಡ ಹಿಂದೆ, ಬಲ ಹಿಂದೆ. ಟೈರಿನ ಹೊರಮುಖ ಯಾವುದು ಅಂತಲೂ ಬರೆಯಿರಿ. ಬೆಳಿಗ್ಗೆ ಗಾಡಿ ಎತ್ತುವ ಮುಂಚೆಯೇ ಗಾಳಿ ಅಳೆದು ಬರೆದಿಟ್ಟುಕೊಳ್ಳಿ. ಪಂಕ್ಚರ್ ಅಂಗಡಿವರೆಗೆ ಹತ್ತು ಕಿಲೋಮೀಟರ್ ಓಡಿಸಿ ಅಳೆದರೆ ಅದು ಬಿಸಿ ಗಾಳಿಯ ಲೆಕ್ಕ, ಈ ಕೆಲಸಕ್ಕೆ ಬರುವುದಿಲ್ಲ. ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು. ಸ್ವಂತಕ್ಕೆ ಒಂದು ಗೇಜ್ ಇಟ್ಟುಕೊಳ್ಳುವುದು ಒಳ್ಳೆಯದು. ದೊಡ್ಡ ಖರ್ಚೇನೂ ಅಲ್ಲ, ಮತ್ತೆ ಅಂಗಡಿ ಅಂಗಡಿಗೂ ಗೇಜ್ ಬೇರೆ ಬೇರೆ ತೋರಿಸುತ್ತದೆ ಅನ್ನೋ ತಲೆನೋವು ಇರುವುದಿಲ್ಲ.

ಸವೆತ ಏನು ಹೇಳುತ್ತದೆ

ಬಟನ್ ಮೇಲೆ, ಅಂದರೆ ರಸ್ತೆಗೆ ತಾಗುವ ಅಚ್ಚಿನ ಮೇಲೆ, ಅಂಗೈ ಆಡಿಸಿ ನೋಡಿ. ಕಣ್ಣಿಗೆ ಕಾಣದ್ದು ಎಷ್ಟೋ ಸಲ ಕೈಗೆ ಸಿಗುತ್ತದೆ.

ಎರಡೂ ಅಂಚು ಸವೆದು ನಡುಭಾಗ ಚೆನ್ನಾಗಿದ್ದರೆ ಗಾಳಿ ಕಮ್ಮಿ ಇತ್ತು, ಇಲ್ಲವೇ ಇದ್ದ ಗಾಳಿಗೆ ಭಾರ ಜಾಸ್ತಿ ಆಯಿತು. ಟ್ರೇಲರ್ ಎಳೆಯುವ ಪಿಕಪ್‌ನ ಹಿಂದಿನ ಟೈರಿನಲ್ಲಿ ನಾನು ಹೆಚ್ಚಾಗಿ ನೋಡುವುದು ಇದೇ. ನಡುಭಾಗ ಮಾತ್ರ ಸವೆದಿದ್ದರೆ ಭಾರಕ್ಕಿಂತ ಗಾಳಿ ಜಾಸ್ತಿ. ವಾರದಲ್ಲಿ ಒಂದು ದಿನ ಲೋಡ್, ಉಳಿದ ದಿನ ಖಾಲಿ ಓಡುವ ಗಾಡಿಗೆ ಸದಾ 65 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟರೆ ಹೀಗಾಗುತ್ತದೆ.

ಮುಂದಿನ ಟೈರಿನ ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ಸರಿಯಾದ ಕೋನದಲ್ಲಿ ಕೂತಿವೆಯಾ ಅಂತ ನೋಡಿಸಿ. ಬಟನ್ ಮೇಲೆ ಕೈ ಒಂದು ಕಡೆಗೆ ಸಲೀಸಾಗಿ ಹೋಗಿ, ವಾಪಸ್ ಎಳೆದಾಗ ಗರಗಸದ ಹಾಗೆ ತಡೆದರೆ ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ. ಅಲ್ಲಲ್ಲಿ ತಟ್ಟೆ ಇಟ್ಟ ಹಾಗೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕೈ ಕೊಟ್ಟಿರಬಹುದು, ಇಲ್ಲಾ ಬ್ಯಾಲೆನ್ಸ್ ಇಲ್ಲ. ಒಂದೇ ಜಾಗದಲ್ಲಿ ಚಪ್ಪಟೆ ಆಗಿದ್ದರೆ ಬ್ರೇಕ್ ಹಿಡಿದು ಚಕ್ರ ಜಾರಿದೆ.

ಬಟನ್ ಮುಗಿಯಿತು, ಇನ್ನು ಪಕ್ಕದ ಗೋಡೆ. ಬೆರಳಿಗೆ ಗುಳ್ಳೆಯ ಹಾಗೆ ಉಬ್ಬು ಸಿಕ್ಕರೆ ಒಳಗಿನ ದಾರ ಹರಿದಿದೆ ಅಂತ ಅರ್ಥ. ಗುಂಡಿಗೆ ಇಳಿದಾಗ ರಿಮ್ಮಿಗೂ ರಸ್ತೆಗೂ ನಡುವೆ ಟೈರು ಚಪ್ಪಟೆ ಒತ್ತಿ ಹೀಗಾಗುತ್ತದೆ. ಆ ಟೈರಿನಲ್ಲಿ ಟ್ರೇಲರ್ ಎಳೆಯಲೇಬೇಡಿ. ಸ್ಟೆಪ್ನಿಗೂ ಇಡಬೇಡಿ.

ಬಿಚ್ಚಿದ ಮೇಲೆ ಟೈರಿನ ಒಳಗೂ ಟಾರ್ಚ್ ಬಿಟ್ಟು ನೋಡಿ. ಒಳಗೆ ರಬ್ಬರಿನ ಕರಿಪುಡಿ ಇದ್ದು ಪಕ್ಕದ ಗೋಡೆಯ ಒಳಭಾಗದಲ್ಲಿ ಸುತ್ತಲೂ ಉಜ್ಜಿದ ಪಟ್ಟಿ ಕಾಣಿಸಿದರೆ, ಆ ಟೈರು ಗಾಳಿ ತುಂಬಾ ಕಮ್ಮಿ ಇದ್ದಾಗ ಭಾರ ಹೊತ್ತು ಓಡಿದೆ. ಮೇಲೆ ಬಟನ್ ಎಷ್ಟೇ ಇರಲಿ, ಅದು ಮುಗಿದ ಟೈರು. ಇದನ್ನು ನೋಡದೆ "ಮೇಲೆ ಚೆನ್ನಾಗಿದೆ" ಅಂತ ಸೆಕೆಂಡ್ ಹ್ಯಾಂಡ್ ಟೈರು ತಂದು ಹಾಕಿಕೊಳ್ಳುವವರಿದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಭಾರ ಎಷ್ಟಿದೆ ಅಂತ ನಿಜವಾಗಿ ತೂಗಿ

ಅಂಚು ಸವೆದ ಟೈರು ಸಿಕ್ಕಿದರೆ ಮುಂದಿನ ಕೆಲಸ ತೂಕ. ಅಂದಾಜು ಬೇಡ. ಶುಂಠಿ, ಆಲೂಗಡ್ಡೆ, ಕಾಫಿ ವ್ಯಾಪಾರ ಇರುವ ನಮ್ಮ ಕಡೆ ಗಾಡಿ ತೂಗುವ ವೇ ಬ್ರಿಡ್ಜ್‌ಗೆ ಬರ ಇಲ್ಲ. ಸೀಸನ್‌ನಲ್ಲಿ ಹೇಗೆ ಹೋಗುತ್ತೀರೋ ಹಾಗೇ ಎಲ್ಲಾ ಹೇರಿ, ಟ್ರೇಲರ್ ಕಟ್ಟಿಕೊಂಡು, ಜನರನ್ನೂ ಕೂರಿಸಿಕೊಂಡು ಹೋಗಿ. ಮೊದಲು ಪಿಕಪ್‌ನ ಮುಂದಿನ ಚಕ್ರ ಮಾತ್ರ ತೂಗುವ ತಟ್ಟೆ ಹತ್ತಲಿ, ಅಂಕಿ ಬರೆದುಕೊಳ್ಳಿ, ಆಮೇಲೆ ಹಿಂದಿನ ಚಕ್ರವೂ ತಟ್ಟೆ ಹತ್ತಲಿ, ಟ್ರೇಲರ್ ಚಕ್ರ ಇನ್ನೂ ಈಚೆ ನೆಲದ ಮೇಲೇ ಇರಲಿ. ಟ್ರೇಲರ್ ಬಿಚ್ಚಬಾರದು. ಆಗ ಬರುವ ಅಂಕಿಯಲ್ಲಿ ಮೊದಲಿನದು ಕಳೆದರೆ ಉಳಿಯುವುದೇ ನಿಮ್ಮ ಹಿಂದಿನ ಎರಡು ಟೈರು ಹೊರುತ್ತಿರುವ ಭಾರ.

ಟ್ರೇಲರ್ ತನ್ನ ಚಕ್ರದ ಮೇಲೆ ತಾನೇ ನಿಂತಿದೆ, ಪಿಕಪ್ ಸುಮ್ನೆ ಎಳೆಯುತ್ತದೆ, ಟೈರಿಗೆ ಅದರಿಂದ ಏನು ಭಾರ ಅಂತ ಕೇಳುತ್ತಾರೆ. ಲೆಕ್ಕ ಹಾಗಿಲ್ಲ. ಟ್ರೇಲರ್‌ನ ಮೂತಿ ಪಿಕಪ್‌ನ ಹಿಂದಿನ ಕೊಂಡಿ, ಅಂದರೆ ಹಿಚ್ ಮೇಲೆ ಕೂತಿರುತ್ತದೆ. ಹಿಚ್ ಇರುವುದು ಹಿಂದಿನ ಆಕ್ಸೆಲ್‌ಗಿಂತ ಹಿಂದೆ. ಪಿಕಪ್‌ನ ಎರಡು ಆಕ್ಸೆಲ್ ನಡುವೆ 3 ಮೀಟರ್, ಹಿಂದಿನ ಆಕ್ಸೆಲ್‌ನಿಂದ ಹಿಚ್‌ಗೆ 1.2 ಮೀಟರ್ ಅಂದುಕೊಳ್ಳಿ. ಮೂತಿಯ ಭಾರ 100 ಕೆಜಿ ಇದ್ದರೆ ಹಿಂದಿನ ಆಕ್ಸೆಲ್ ಮೇಲೆ ಬೀಳುವುದು 140 ಕೆಜಿ. ಜಾಸ್ತಿ ಬಂದ 40 ಕೆಜಿ ಎಲ್ಲಿಂದ ಬಂತು ಅಂದರೆ ಮುಂದಿನ ಚಕ್ರದಿಂದ. ಹಿಂದೆ ಒತ್ತಿದಷ್ಟೂ ಮೂಗು ಎತ್ತುತ್ತದೆ. ಸ್ಟೇರಿಂಗ್ ಹಗುರ ಆಗುವುದು, ಮಳೆಯಲ್ಲಿ ತಿರುವಿನಲ್ಲಿ ಗಾಡಿ ನೇರ ಹೋಗಲು ನೋಡುವುದು ಈ ಕಾರಣಕ್ಕೇ. ಹಿಂದಿನ ಟೈರು ಎಷ್ಟೇ ಒಳ್ಳೆಯದು ಹಾಕಿದರೂ ಮುಂದಿನ ಚಕ್ರಕ್ಕೆ ಭಾರ ವಾಪಸ್ ಬರುವುದಿಲ್ಲ.

ಈಗ ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದಿ. 215/75 ಆರ್ 15 ತರಹದ ಅಳತೆಯ ನಂತರ ಒಂದು ಅಂಕಿ ಮತ್ತು ಅಕ್ಷರ ಇರುತ್ತದೆ, 106/103 ಪಿ ಅನ್ನುವ ಹಾಗೆ. ಮೊದಲ ಅಂಕಿ ಒಂದು ಬದಿಗೆ ಒಂದೇ ಟೈರು ಇದ್ದಾಗಿನ ಲೋಡ್ ಇಂಡೆಕ್ಸ್, ಎರಡನೆಯದು ಜೋಡಿ ಟೈರು ಇದ್ದಾಗಿನದು. ನಮ್ಮ ಪಿಕಪ್‌ಗಳಿಗೆ ಹೆಚ್ಚಾಗಿ ಮೊದಲನೆಯದೇ ಲೆಕ್ಕ. 100 ಅಂದರೆ ಒಂದು ಟೈರಿಗೆ 800 ಕೆಜಿ. 104 ಅಂದರೆ 900. 106 ಅಂದರೆ 950. 108 ಅಂದರೆ 1,000. 110 ಅಂದರೆ 1,060. 112 ಅಂದರೆ 1,120. ಕೊನೆಯ ಅಕ್ಷರ ವೇಗದ ಮಿತಿ: ಎನ್ ಅಂದರೆ ಗಂಟೆಗೆ 140 ಕಿಮೀ, ಪಿ ಅಂದರೆ 150, ಕ್ಯೂ ಅಂದರೆ 160, ಎಸ್ ಅಂದರೆ 180. ಟ್ರೇಲರ್ ಎಳೆಯುವವರಿಗೆ ಆ ಅಕ್ಷರದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಅಂಕಿಯೇ ಮುಖ್ಯ.

ವೇ ಬ್ರಿಡ್ಜ್‌ನಲ್ಲಿ ಹಿಂದಿನ ಆಕ್ಸೆಲ್ 1,840 ಕೆಜಿ ತೋರಿಸಿತು ಅಂದುಕೊಳ್ಳಿ. ಒಂದು ಟೈರಿಗೆ 920. ಇರುವ ಟೈರು 100 ಇಂಡೆಕ್ಸ್‌ನದ್ದಾದರೆ 120 ಕೆಜಿ ಮೀರಿದೆ, ಸವೆಯದೆ ಇನ್ನೇನು? 106 ಹಾಕಿದರೆ 30 ಕೆಜಿ ಮಾತ್ರ ಉಳಿಯಿತು. ಘಾಟಿಯ ತಿರುವಿನಲ್ಲಿ ಭಾರವೆಲ್ಲ ಹೊರಬದಿಯ ಟೈರಿನ ಮೇಲೆ ವಾಲುತ್ತದೆ, ತೋಟದ ರಸ್ತೆಯ ಇಳಿಜಾರಿನಲ್ಲಿ ಒಂದೇ ಬದಿಗೆ ಬೀಳುತ್ತದೆ, ಆಗ ಈ 30 ಕೆಜಿ ಏನಕ್ಕೂ ಸಾಲದು. ನನ್ನ ಪ್ರಕಾರ ತೂಗಿದ ಭಾರದ ಮೇಲೆ ಕನಿಷ್ಠ ಶೇಕಡ 15 ಬಿಟ್ಟು ಆರಿಸಬೇಕು. ಈ ಗಾಡಿಗೆ ಅಂದರೆ 110, ಸಿಕ್ಕಿದರೆ 112.

ಒಂದು ಎಚ್ಚರಿಕೆ. ಟೈರು ಜಾಸ್ತಿ ಹೊರುತ್ತದೆ ಅಂತ ಆಕ್ಸೆಲ್ ಜಾಸ್ತಿ ಹೊರುವುದಿಲ್ಲ. ಹಿಂದಿನ ಆಕ್ಸೆಲ್‌ಗೆ ಕಂಪನಿ ಕೊಟ್ಟ ಮಿತಿ, ಒಟ್ಟು ಎಳೆಯುವ ತೂಕದ ಮಿತಿ ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ತೂಕ ಅದನ್ನೇ ಮೀರಿದ್ದರೆ ಟೈರಿನ ಅಂಗಡಿಯಲ್ಲಿ ಪರಿಹಾರ ಸಿಗುವುದಿಲ್ಲ, ಪೈಪನ್ನು ಎರಡು ಟ್ರಿಪ್‌ನಲ್ಲಿ ಸಾಗಿಸಬೇಕು.

ಭಾರ ಹೊರುವುದು ಪ್ಲೈ ಅಲ್ಲ, ಗಾಳಿ

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ದುಡ್ಡು ಹಾಳಾಗುವುದು ಇಲ್ಲೇ. 6 ಪ್ಲೈ, 8 ಪ್ಲೈ, 10 ಪ್ಲೈ ಅಂತ ಹೇಳುವುದು ಟೈರಿನ ಗೋಡೆ ಎಷ್ಟು ಗಾಳಿ ತಡೆದುಕೊಳ್ಳುತ್ತದೆ ಅನ್ನುವ ದರ್ಜೆ. ಈಗಿನ ರೇಡಿಯಲ್ ಟೈರಿನ ಒಳಗೆ ನಿಜವಾಗಿ ಎಂಟು ಪದರ ಇರುವುದೂ ಇಲ್ಲ. ಅದೇ ಅಳತೆಯ ಲೈಟ್ ಟ್ರಕ್ ಟೈರು 6 ಪ್ಲೈ ಆದರೆ ಸಾಮಾನ್ಯವಾಗಿ 50 ಪಿಎಸ್‌ಐವರೆಗೆ, 8 ಪ್ಲೈ ಆದರೆ 65ರವರೆಗೆ, 10 ಪ್ಲೈ ಆದರೆ 80ರವರೆಗೆ ತಡೆಯುತ್ತದೆ. ಜಾಸ್ತಿ ಗಾಳಿ ಹಿಡಿಯುವುದರಿಂದ ಜಾಸ್ತಿ ಭಾರ ಹೊರುತ್ತದೆ. ಅಂದರೆ 950 ಕೆಜಿ ಅನ್ನುವ ಲೆಕ್ಕ ಬರುವುದು ಪಕ್ಕದಲ್ಲಿ ಬರೆದಿರುವ ಪೂರ್ತಿ ಗಾಳಿ ಇದ್ದಾಗ ಮಾತ್ರ. 8 ಪ್ಲೈ ಟೈರಿಗೆ 45 ಇಟ್ಟುಕೊಂಡು ಓಡಿಸಿದರೆ ಅದು ಹೊರುವುದು ಸುಮಾರು ಮುಕ್ಕಾಲು ಭಾಗ. ಹೊಸ ದುಬಾರಿ ಟೈರು ಹಾಕಿಸಿ, "ಜರ್ಕ್ ಜಾಸ್ತಿ ಹೊಡೀತಿದೆ" ಅಂತ ಗಾಳಿ ಇಳಿಸಿದರೆ ಹಳೇ ಟೈರಿಗೂ ಇದಕ್ಕೂ ವ್ಯತ್ಯಾಸ ಉಳಿಯಲಿಲ್ಲ, ಅಲ್ವಾ?

ಹಾಗಂತ ಸದಾ ಗರಿಷ್ಠ ಗಾಳಿ ಇಡಿ ಅಂತಲೂ ಅಲ್ಲ. ಡ್ರೈವರ್ ಬಾಗಿಲ ಕಂಬದ ಮೇಲೆ ಖಾಲಿ ಮತ್ತು ಲೋಡ್ ಎರಡಕ್ಕೂ ಎಷ್ಟು ಇಡಬೇಕು ಅಂತ ಚೀಟಿ ಅಂಟಿಸಿರುತ್ತಾರೆ. ಅದು ಅದೇ ಅಳತೆ, ಅದೇ ದರ್ಜೆಯ ಟೈರಿಗೆ. ಟ್ರೇಲರ್ ಕಟ್ಟುವ ದಿನ ಲೋಡ್ ಅಂಕಿ, ಉಳಿದ ದಿನ ಖಾಲಿ ಅಂಕಿ. ಮನೆಯಲ್ಲೇ ಒಂದು ಚಿಕ್ಕ ಕಂಪ್ರೆಸರ್ ಇದ್ದರೆ ಇದು ಹತ್ತು ನಿಮಿಷದ ಕೆಲಸ.

ಇನ್ನೊಂದು ಕಡೆ ಜನ ಜಾರುತ್ತಾರೆ. 215/75 ಆರ್ 15 ಅಳತೆಯಲ್ಲೇ ಜೀಪು-ಎಸ್‌ಯುವಿಗೆ ಬರುವ ಟೈರೂ ಇದೆ, ಲೈಟ್ ಟ್ರಕ್ ಟೈರೂ ಇದೆ. ಮೊದಲನೆಯದರ ಮೇಲೆ 100 ಎಸ್ ಅಂತ ಇರುತ್ತದೆ, ಎರಡನೆಯದರಲ್ಲಿ 8 ಪ್ಲೈ ಆದರೆ 106. ಅಳತೆ ಒಂದೇ, ರಿಮ್ಮಿಗೆ ಎರಡೂ ಕೂರುತ್ತದೆ, ಮೊದಲನೆಯದು ಮೆತ್ತಗೆ ಓಡುತ್ತದೆ. ಆದರೆ ಟ್ರೇಲರ್ ಎಳೆಯುವ ಗಾಡಿಗೆ ಅದು ಸಲ್ಲದು. ಅಂಗಡಿಯಲ್ಲಿ ಬರೀ ಅಳತೆ ಹೇಳಬೇಡಿ. ಅಳತೆ, ಇಂಡೆಕ್ಸ್, ಪ್ಲೈ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ದಪ್ಪ ಟೈರು ಹಾಕಿದರೆ ಎಳೆತ ಜಾಸ್ತಿ ಅನ್ನುವುದೂ ತಪ್ಪು. 215/75 ಆರ್ 15ರ ಎತ್ತರ ಸುಮಾರು 703 ಮಿಲಿಮೀಟರ್, 235/75 ಆರ್ 15ರದ್ದು 733. ಶೇಕಡ 4ರಷ್ಟು ಎತ್ತರ ಜಾಸ್ತಿ. ಅಷ್ಟೇ ಪಾಲು ಎಳೆಯುವ ಬಲ ಕಮ್ಮಿಯಾಗುತ್ತದೆ, ಚಾರ್ಮಾಡಿ ಏರುವಾಗ ಎರಡನೇ ಗೇರಿನಲ್ಲಿ ಹೋಗುತ್ತಿದ್ದ ಕಡೆ ಒಂದಕ್ಕೆ ಬರಬೇಕಾಗುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 62 ದಾಟಿರುತ್ತದೆ. ಕಂಪನಿ ಕೊಟ್ಟ ಅಳತೆಯಲ್ಲೇ ಇಂಡೆಕ್ಸ್ ಏರಿಸುವುದು ಸರಿಯಾದ ದಾರಿ. ಆ ಅಳತೆಯಲ್ಲಿ ಬೇಕಾದ ಇಂಡೆಕ್ಸ್ ಸಿಗದೇ ಇದ್ದರೆ, ಅದೇ ಗಾಡಿಯ ಹೆಚ್ಚು ಭಾರದ ಮಾಡೆಲ್‌ಗೆ ಕಂಪನಿ ಯಾವ ಟೈರು-ರಿಮ್ ಕೊಟ್ಟಿದೆ ನೋಡಿ, ಎರಡನ್ನೂ ಒಟ್ಟಿಗೆ ಬದಲಾಯಿಸಿ.

ಟ್ರೇಲರ್ ಬಾಲ ಆಡಿಸುತ್ತಿದೆ, ಟೈರು ಮೆತ್ತಗಾಯಿತಾ?

ಹಾಸನ-ಬೇಲೂರು ರಸ್ತೆಯಂಥ ನೇರ ರಸ್ತೆಯಲ್ಲಿ 60 ದಾಟಿದ ಕೂಡಲೇ ಟ್ರೇಲರ್ ಎಡಕ್ಕೆ ಬಲಕ್ಕೆ ತೂಗಲು ಶುರು, ಪಿಕಪ್‌ನ ಹಿಂಭಾಗವನ್ನೂ ಎಳೆದಾಡುತ್ತದೆ. ಗಟ್ಟಿ ಟೈರು ಹಾಕಿಸಿ ಅಂತ ಯಾರೋ ಹೇಳುತ್ತಾರೆ. ಹಾಕಿಸುವ ಮೊದಲು ಟ್ರೇಲರ್ ಬಿಚ್ಚಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಪಿಕಪ್ ಒಂದನ್ನೇ ಓಡಿಸಿ. ಆಗಲೂ ತೇಲಾಡಿದರೆ ಪಿಕಪ್‌ನ ಟೈರು, ಶಾಕ್, ಸ್ಪ್ರಿಂಗ್ ಬುಷ್ ನೋಡಬೇಕು. ಆಗ ಸರಿ ಇದ್ದರೆ ತಪ್ಪು ಟ್ರೇಲರ್‌ನಲ್ಲಿದೆ. ಬಹಳ ಸಲ ಅದು ಲೋಡ್ ಜೋಡಿಸಿದ ರೀತಿಯೇ ಆಗಿರುತ್ತದೆ.

ಟ್ರೇಲರ್‌ನ ಮೂತಿಯ ಭಾರ ಅದರ ಒಟ್ಟು ತೂಕದ ಶೇಕಡ 10ರಿಂದ 15 ಇರಬೇಕು. 800 ಕೆಜಿ ಟ್ರೇಲರ್‌ಗೆ 80ರಿಂದ 120 ಕೆಜಿ. ಇದಕ್ಕಿಂತ ಕಮ್ಮಿಯಾದರೆ ಬಾಲ ಆಡಿಸುತ್ತದೆ, ಜಾಸ್ತಿಯಾದರೆ ಪಿಕಪ್‌ನ ಹಿಂದಿನ ಟೈರು ತಿನ್ನುತ್ತದೆ. ಅಳೆಯಲು ದೊಡ್ಡ ಯಂತ್ರ ಬೇಡ. ತೋಟದಲ್ಲಿ ಹಣ್ಣು ತೂಗುವ ನೇತಾಡುವ ತಕ್ಕಡಿ ಇದ್ದೇ ಇರುತ್ತದಲ್ಲ, ಅದೇ ಸಾಕು. ಸಮತಟ್ಟು ನೆಲದಲ್ಲಿ ಟ್ರೇಲರ್ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಗಟ್ಟಿ ಕೊಂಬೆಗೋ ಶೆಡ್ಡಿನ ತೊಲೆಗೋ ತಕ್ಕಡಿ ಕಟ್ಟಿ, ಹಿಚ್ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಮೂತಿಯನ್ನು ಎತ್ತಿ ತೂಗಿ. ತಕ್ಕಡಿ 100 ಕೆಜಿ ತನಕ ಮಾತ್ರ ಇದ್ದರೆ ಮೊದಲು ಕೈಯಿಂದ ಎತ್ತಿ ನೋಡಿ, ಇಬ್ಬರಿಗೂ ಆಗದಷ್ಟು ಭಾರ ಇದ್ದರೆ ತಕ್ಕಡಿಗೆ ಹಾಕಬೇಡಿ.

ಪಂಪ್‌ಸೆಟ್ ಟ್ರೇಲರ್‌ಗಳಲ್ಲಿ ಎಂಜಿನ್ ಸಾಮಾನ್ಯವಾಗಿ ಸರಿಯಾದ ಜಾಗದಲ್ಲೇ ಇರುತ್ತದೆ. ಕೆಡಿಸುವುದು ಮೇಲೆ ಹೇರಿದ ಸ್ಪ್ರಿಂಕ್ಲರ್ ಪೈಪು. ಉದ್ದದ ಪೈಪು ಹಿಂದಕ್ಕೆ ಚಾಚಿಕೊಂಡಿರುತ್ತದೆ, ಫುಟ್‌ವಾಲ್ವ್ ಮತ್ತು ಸಕ್ಷನ್ ಹೋಸನ್ನು ಇನ್ನೂ ಹಿಂದೆ ಕಟ್ಟಿರುತ್ತಾರೆ, ಮೂತಿ ಹಗುರವಾಗಿ ಬಿಡುತ್ತದೆ. ಪೈಪನ್ನು ಪಿಕಪ್‌ಗೆ ಹಾಕಿ, ಇಲ್ಲವೇ ಟ್ರೇಲರ್‌ನಲ್ಲೇ ಮುಂದಕ್ಕೆ ಸರಿಸಿ ಮತ್ತೆ ತೂಗಿ. ಇಷ್ಟಕ್ಕೇ ನಿಂತರೆ ಟೈರಿನ ಖರ್ಚೇ ಉಳಿಯಿತು. ಓಡುವಾಗ ಬಾಲ ಆಡಿಸಲು ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟೇರಿಂಗ್ ನೇರ ಹಿಡಿದುಕೊಳ್ಳಿ. ಪಿಕಪ್ ಬ್ರೇಕ್ ಒಮ್ಮೆಲೇ ತುಳಿಯಬೇಡಿ, ಸ್ಟೇರಿಂಗ್ ತಿರುಗಿಸಿ ಸರಿ ಮಾಡಲು ಹೋಗಬೇಡಿ.

ಲೋಡ್ ಸರಿಯಿದ್ದೂ ತೂಗಾಡಿದರೆ ಆಗ ಟೈರಿನ ಗೋಡೆಗೆ ಬನ್ನಿ. ಹಿಂದಿನ ಟೈರಿಗೆ ಗಾಳಿ ಕಮ್ಮಿ ಇದೆಯಾ? ಹೊಸದಾಗಿ ದೊಡ್ಡ ಬಟನ್‌ನ ಟೈರು ಹಾಕಿಸಿದ್ದೀರಾ? ಎತ್ತರದ, ಬಿಡಿ ಬಿಡಿ ಬಟನ್ ಭಾರ ಬಿದ್ದಾಗ ಅಕ್ಕಪಕ್ಕ ಬಾಗುತ್ತದೆ, ಹೊಸದರಲ್ಲಿ ಇದು ಇನ್ನೂ ಜಾಸ್ತಿ.

ಘಾಟಿಯಲ್ಲಿ ಬಿಸಿ

ಟೈರು ಸಿಡಿಯುವುದು ಬಹುಪಾಲು ಬಿಸಿಯಿಂದ. ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಾ ಇದ್ದರೆ ಆ ಜಾಗ ಬಿಸಿಯಾಗಿ ಕೊನೆಗೆ ಮುರಿಯುತ್ತದಲ್ಲ, ಗಾಳಿ ಕಮ್ಮಿ ಇರುವ ಟೈರಿನ ಗೋಡೆಗೂ ಪ್ರತಿ ಸುತ್ತಿಗೆ ಅದೇ ಆಗುತ್ತದೆ. ವೇಗ ಜಾಸ್ತಿಯಾದಷ್ಟೂ ಬಾಗುವುದು ಜಾಸ್ತಿ, ಭಾರ ಜಾಸ್ತಿಯಾದಷ್ಟೂ ಆಳವಾಗಿ ಬಾಗುತ್ತದೆ.

ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಶಿರಾಡಿ ಇಳಿದು ಗುಂಡ್ಯಕ್ಕೆ ಹೋದರೆ ಹವೆಯೇ ಬೇರೆ. ಡಿಸೆಂಬರ್ ಬೆಳಿಗ್ಗೆ ಚಳಿಯಲ್ಲಿ 60 ಇಟ್ಟು ಹೊರಟ ಟೈರಿಗೆ ಮಧ್ಯಾಹ್ನ ಕೆಳಗೆ ಬರೀ ಹವೆಯ ಬಿಸಿಗೇ 4 ಪಿಎಸ್‌ಐ ಏರಬಹುದು, ಓಡಿದ ಬಿಸಿ ಬೇರೆ. ಅದನ್ನು ನೋಡಿ ಗಾಬರಿಯಾಗಿ ಗಾಳಿ ಬಿಡಬೇಡಿ. ತಣ್ಣಗಿದ್ದಾಗಿನ ಅಂಕಿಗಿಂತ ಶೇಕಡ 10-15 ಏರುವುದು ಸಹಜ. ಬಿಸಿಯಲ್ಲಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಮ್ಮಿ ಗಾಳಿಯಲ್ಲಿ ಏರು ಹತ್ತುತ್ತೀರಿ. ಅದಕ್ಕಿಂತ ತುಂಬಾ ಜಾಸ್ತಿ ಏರಿದ್ದರೆ ಮಾತ್ರ ಯೋಚಿಸಬೇಕು: ಹೊರಡುವಾಗಲೇ ಗಾಳಿ ಕಮ್ಮಿ ಇತ್ತು, ಇಲ್ಲವೇ ಭಾರ ಮೀರಿದೆ.

ಗಾಡಿ ನಿಲ್ಲಿಸಿದ ಕೂಡಲೇ ನಾಲ್ಕೂ ಚಕ್ರದ ಹತ್ತಿರ, ಟ್ರೇಲರ್ ಚಕ್ರದ ಹತ್ತಿರವೂ ಕೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಟೈರು ತಣ್ಣಗಿದ್ದು ರಿಮ್ ನಡುಭಾಗ ಒಂದೇ ಕಡೆ ಕುದಿಯುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗಿದೆ. ಹಿಂದಿನ ಎರಡೂ ಕುದಿಯುತ್ತಿದ್ದರೆ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಇಳಿದಿದ್ದೀರಿ. ಡ್ರಮ್ಮಿನ ಬಿಸಿ ರಿಮ್ಮಿಗೆ, ರಿಮ್ಮಿನಿಂದ ಟೈರಿನ ಅಂಚಿಗೆ ಹೋಗುತ್ತದೆ. ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅದರ ಭಾರವನ್ನೂ ಪಿಕಪ್‌ನ ಬ್ರೇಕೇ ತಡೆಯಬೇಕು. ಏರಿದ ಗೇರಿನಲ್ಲೇ ಇಳಿಯಿರಿ ಅನ್ನುವ ಹಳೇ ಮಾತು ಟೈರಿಗೂ ಒಳ್ಳೆಯದೇ.

ನಡುಕ, ಎಳೆತ

ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು ಅಂತ ಹುಡುಕಲು ಶುರು ಮಾಡಿ. ಒಂದು ವೇಗದಲ್ಲಿ ಬಂದು ಇನ್ನೊಂದು ವೇಗದಲ್ಲಿ ಹೋದರೆ ಬ್ಯಾಲೆನ್ಸಿಂಗ್. ಬ್ರೇಕ್ ಹಾಕಿದಾಗ ಮಾತ್ರ ಬಂದರೆ ಡಿಸ್ಕ್ ಅಥವಾ ಡ್ರಮ್. ನಿಧಾನವಾಗಿ ಹೋಗುವಾಗಲೇ ಧಪ್ ಧಪ್ ಅಂತ ಶುರುವಾಗಿ ವೇಗದ ಜೊತೆ ಜಾಸ್ತಿಯಾದರೆ ಗಾಡಿ ನಿಲ್ಲಿಸಿ, ಬಟನ್ ಪದರ ಒಳಗೆ ಬಿಟ್ಟಿರಬಹುದು. ಜಾಕ್ ಕೊಟ್ಟು ಚಕ್ರ ತಿರುಗಿಸಿ, ಸೀಮೆಸುಣ್ಣವನ್ನು ಅಲುಗದಂತೆ ಬಟನ್ ಹತ್ತಿರ ಹಿಡಿಯಿರಿ. ಒಂದೇ ಜಾಗದಲ್ಲಿ ಗೀರು ಬಿದ್ದರೆ ಅಲ್ಲಿ ಉಬ್ಬಿದೆ.

ಗಾಡಿ ಒಂದು ಕಡೆ ಎಳೆದರೆ ಮುಂದಿನ ಎರಡು ಟೈರು ಅದಲು ಬದಲು ಮಾಡಿ. ಎಳೆತವೂ ದಿಕ್ಕು ಬದಲಿಸಿದರೆ ಟೈರಿನದೇ ತಪ್ಪು. ಬದಲಿಸದಿದ್ದರೆ ಅಲೈನ್‌ಮೆಂಟ್ ಅಥವಾ ಬ್ರೇಕ್. ಬಾಣದ ಗುರುತಿನ, ಒಂದೇ ದಿಕ್ಕಿಗೆ ತಿರುಗುವ ಟೈರಾದರೆ ಈ ಪರೀಕ್ಷೆ ಬೇಡ.

ಬಟನ್ ಯಾವುದು?

ಕಾನೂನಿನ ಪ್ರಕಾರ ಬಟನ್ ಆಳ 1.6 ಮಿಲಿಮೀಟರಿಗೆ ಇಳಿದರೆ ಟೈರು ಮುಗಿಯಿತು. ಬಟನ್ ಸಂದಿಯಲ್ಲಿ ಸಣ್ಣ ಉಬ್ಬು ಇರುತ್ತದೆ, ಬಟನ್ ಅದರ ಮಟ್ಟಕ್ಕೆ ಬಂತು ಅಂದರೆ ಅದೇ ಮಿತಿ. ಮಲೆನಾಡಿನ ಮಳೆಯಲ್ಲಿ ಟ್ರೇಲರ್ ಎಳೆಯುವವರು ಅಲ್ಲಿವರೆಗೆ ಕಾಯಬಾರದು. ಮೇ ತಿಂಗಳಲ್ಲಿ 3 ಮಿಲಿಮೀಟರ್ ಉಳಿದಿದ್ದರೆ ಜೂನ್ ಮಳೆಗೆ ಮುಂಚೆಯೇ ಹಿಂದಿನ ಜೋಡಿ ಬದಲಾಯಿಸಿ.

ಪೂರ್ತಿ ಕೆಸರಿನ ದೊಡ್ಡ ಬಟನ್ ಟೈರು ತೋಟದ ಒಳಗೆ ಚೆನ್ನ. ಆದರೆ ಹಾಸನಕ್ಕೋ ಚಿಕ್ಕಮಗಳೂರಿಗೋ ಡಾಂಬರು ರಸ್ತೆಯಲ್ಲಿ, ಶಿರಾಡಿಯ ಕಾಂಕ್ರೀಟಿನಲ್ಲಿ ಭಾರ ಎಳೆಯುವಾಗ ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತವೂ ಕಮ್ಮಿ. ಬರೀ ಉದ್ದ ಗೆರೆಯ ಹೈವೇ ಟೈರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಮಣ್ಣಿನ ಏರಿನಲ್ಲಿ ಗಿರಗಿರ ತಿರುಗುತ್ತದೆ. ಹೆಚ್ಚಿನವರಿಗೆ ನಡುವಿನದು, ಅಂದರೆ ಅಂಚಿನಲ್ಲಿ ಸ್ವಲ್ಪ ಬಿಡಿ ಬಟನ್ ಇದ್ದು ನಡುವೆ ಗೆರೆ ಕೂಡಿಕೊಂಡಿರುವ ಟೈರು ಸರಿಹೋಗುತ್ತದೆ. ಫೋರ್ ವೀಲ್ ಡ್ರೈವ್ ಇದ್ದರೆ ನಾಲ್ಕೂ ಒಂದೇ ಎತ್ತರ ಇರಲೇಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸ್ ಕಡೆ ಬಿಗಿದುಕೊಳ್ಳುತ್ತದೆ.

ಎರಡೇ ಹೊಸ ಟೈರು ಕೊಂಡರೆ ಅವು ಹಿಂದಕ್ಕೆ. ಸ್ಟೇರಿಂಗ್ ಇರುವುದು ಮುಂದೆ ಅಂತ ಮುಂದಕ್ಕೆ ಹಾಕುವ ರೂಢಿ ಇದೆ, ಆದರೆ ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ಟ್ರೇಲರ್ ಅದನ್ನು ಇನ್ನೂ ತಳ್ಳುತ್ತದೆ. ಒಂದೇ ಆಕ್ಸೆಲ್‌ನಲ್ಲಿ ರೇಡಿಯಲ್ ಮತ್ತು ನೈಲಾನ್ ಟೈರು ಬೆರೆಸಬೇಡಿ. ರೀಬಟನ್ ಟೈರನ್ನು (ಹಳೇ ಟೈರಿಗೆ ಹೊಸ ಬಟನ್ ಅಂಟಿಸಿದ್ದು) ಟ್ರೇಲರ್ ಎಳೆಯುವ ಪಿಕಪ್‌ನ ಹಿಂದಿನ ಚಕ್ರಕ್ಕೆ ನಾನಂತೂ ಹೇಳುವುದಿಲ್ಲ, ಬಿಸಿ ತಡೆಯಬೇಕಾದ ಜಾಗ ಅದೇ.

ಟ್ರೇಲರ್‌ನ ಟೈರನ್ನೂ ಮರೆಯಬೇಡಿ. ಅದು ಸವೆದು ಹೋಗುವುದಕ್ಕಿಂತ ನಿಂತು ನಿಂತು ಹಾಳಾಗುವುದೇ ಜಾಸ್ತಿ. ಹತ್ತು ತಿಂಗಳು ಶೆಡ್ಡಿನಲ್ಲಿ ಭಾರ ಹೊತ್ತು ನಿಂತು, ಫೆಬ್ರವರಿಯಲ್ಲಿ ಹೊರಗೆ ಬರುತ್ತದೆ. ಗೋಡೆಯಲ್ಲಿ ಬಿರುಕು ನೋಡಿ, ಬೇರಿಂಗ್‌ಗೆ ಗ್ರೀಸ್ ಹಾಕಿ. ನಿಲ್ಲಿಸುವಾಗ ಆಕ್ಸೆಲ್ ಕೆಳಗೆ ಕಟ್ಟೆ ಕೊಟ್ಟು ಚಕ್ರವನ್ನು ಎತ್ತಿಡಿ.

ಅಂಗಡಿಯಲ್ಲಿ

ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ. 1825 ಅಂದರೆ 2025ರ 18ನೇ ವಾರ ತಯಾರಾದದ್ದು. ಟೈರಿನ ಎರಡು ಬದಿಯಲ್ಲಿ ಒಂದು ಬದಿಗೆ ಮಾತ್ರ ಇರಬಹುದು, ತಿರುಗಿಸಿ ನೋಡಿ. ಎರಡು ವರ್ಷಕ್ಕಿಂತ ಹಳೇ ಸ್ಟಾಕ್ ಬೇಡ ಅನ್ನಿ. ಐಎಸ್‌ಐ ಗುರುತು ಇರಬೇಕು.

ವಾಲ್ವ್ ಬಗ್ಗೆ ಯಾರೂ ಕೇಳುವುದಿಲ್ಲ. ಟ್ಯೂಬ್‌ಲೆಸ್ ರಿಮ್ಮಿಗೆ ಒತ್ತಿ ಕೂರಿಸುವ ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ. 10 ಪ್ಲೈ ಟೈರಿಗೆ 70-75 ಇಡುವವರು ಮೆಟಲ್ ವಾಲ್ವ್ ಹಾಕಿಸಿ, ರಿಮ್ ಅಷ್ಟು ತಡೆಯುತ್ತದಾ ಅಂತಲೂ ಖಚಿತ ಮಾಡಿಕೊಳ್ಳಿ. ಹಳೇ ವಾಲ್ವ್ ಮೇಲೆ ಹೊಸ ಟೈರು ಏರಿಸಲು ಬಿಡಬೇಡಿ. ಟ್ಯೂಬ್ ಹಾಕುವ ಟೈರಾದರೆ ಟ್ಯೂಬೂ, ಟ್ಯೂಬಿಗೂ ರಿಮ್ಮಿಗೂ ನಡುವಿನ ರಬ್ಬರ್ ಪಟ್ಟಿಯಾದ ಫ್ಲಾಪೂ ಹೊಸದೇ ಇರಲಿ.

ಹಾಕಿಸಿದ ಮೇಲೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಮಾಡಿಸಿ. ನಟ್ಟುಗಳನ್ನು ಎದುರು ಬದುರು ಬಿಗಿಯಬೇಕು, ಸುತ್ತಲೂ ಒಂದರ ನಂತರ ಒಂದಲ್ಲ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿ ನೋಡಿ. ಮೊದಲ ಕೆಲವು ದಿನ ಟ್ರೇಲರ್ ಇಲ್ಲದೆ ಓಡಿಸಲು ಆದರೆ ಒಳ್ಳೆಯದು. ಹೊಸ ಟೈರಿನ ಮೇಲಿನ ಜಾರು ಪೊರೆ ಹೋಗಬೇಕು, ಬಟನ್ ಕೂರಬೇಕು. ಆಮೇಲೆ ಟ್ರೇಲರ್ ಕಟ್ಟಿ ಹೊರಟ ಮೊದಲ ದಿನ ಅರ್ಧ ಗಂಟೆಗೆ ನಿಲ್ಲಿಸಿ ಎಲ್ಲಾ ಚಕ್ರದ ಬಿಸಿ ನೋಡಿ. ತಿಂಗಳು ಬಿಟ್ಟು ಬಟನ್ ಆಳವನ್ನು ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳೆದು ಬರೆದಿಡಿ. ಮೂರೂ ಒಂದೇ ಸಮ ಇಳಿದಿದ್ದರೆ ಗಾಳಿ ಸರಿ ಇದೆ. ಅಂಚು ಮತ್ತೆ ಬೇಗ ಇಳಿಯುತ್ತಿದ್ದರೆ ಇನ್ನೊಂದು ಸಲ ವೇ ಬ್ರಿಡ್ಜ್‌ಗೆ ಹೋಗಿ ತೂಗಿಸಿ.